ನಿಂತ ಎಂಜಿನಿನ ಪರೀಕ್ಷೆ

ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಎಂಬ ಕಾರ್ಖಾನೆಯೊಂದಿತ್ತು. ಚೆಕೊಸ್ಲೊವಾಕಿಯ ದೇಶದ ಜಾವಾ ಸಂಸ್ಥೆಯ ಸಹಕಾರದಿಂದ 1961ರಲ್ಲಿ ಅಲ್ಲಿ ಮೋಟಾರ್ ಸೈಕಲ್ಲುಗಳ ತಯಾರಿಕೆ ಮೊದಲಾಯಿತು. ಮುಂದೆ ಅದೇ ಕಾರ್ಖಾನೆಯ ಗಾಡಿಗಳು ಯೆಜ್ಡಿ ಎಂಬ ಹೆಸರನ್ನು ತಳೆದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೆ ಅದು ಲೋಕಕ್ಕೆ ಬಿಟ್ಟುಕೊಟ್ಟ ಗಾಡಿಗಳು ಇನ್ನೂ ನಿಂತಿಲ್ಲ. ಒಂದೇ ಸಿಲಿಂಡರಿಗೆ ಎರಡು ಹೊಗೆಕೊಳವೆಗಳುಳ್ಳ, ಒದ್ದು ಚಾಲೂ ಮಾಡುವ ಸನ್ನೆಯನ್ನೇ ಮುಂದಕ್ಕೆ ಮಡಚಿದರೆ ಗೇರು ಬದಲಿಸುವ ಸನ್ನೆಯಾಗುವ ಆ ವಿಚಿತ್ರ ವಾಹನಗಳನ್ನು ಮೈಸೂರು, ಬೆಂಗಳೂರುಗಳ ಬೀದಿಗಳಲ್ಲಿ ಇಂದಿಗೂ ಕಾಣಬಹುದು.

ಹೊಸ ಮೋಟಾರ್ ಸೈಕಲ್ಲುಗಳ ಸಂಗತಿ ಬೇರೆ. 2020ನೆಯ ಇಸವಿಯ ಏಪ್ರಿಲಿನಿಂದ ಭಾರತದಲ್ಲಿ ಜಾರಿಗೆ ಬಂದ ಭಾರತ್ ಸ್ಟೇಜ್ ಆರನೆಯ ಮಟ್ಟದ ಹೊಗೆ ನಿಯಮಗಳ ತರುವಾಯ, ಹೊಸ ಗಾಡಿಗಳಲ್ಲಿ ಕಾರ್ಬೊರೇಟರಿನ ಸ್ಥಾನವನ್ನು ಬಹುಮಟ್ಟಿಗೆ ಎಲೆಕ್ಟ್ರಾನಿಕ್ ಇಂಧನ ಚಿಮ್ಮುಗೆ ಆಕ್ರಮಿಸಿತು. ಅಲ್ಲಿ ಏನಾದರೂ ಕೆಟ್ಟರೆ ದೀಪವೊಂದು ಹೊತ್ತಿಕೊಂಡು ಎಚ್ಚರಿಸುತ್ತದೆ. ಯಂತ್ರವೇ ತನ್ನ ದೋಷವನ್ನು ಸಂಖ್ಯೆಯ ರೂಪದಲ್ಲಿ ಬರೆದಿಟ್ಟಿರುತ್ತದೆ. ಹಳೆಯ ಎಂಜಿನು ಹಾಗೆ ಏನನ್ನೂ ಬರೆದಿಡುವುದಿಲ್ಲ. ಅದನ್ನು ಪರೀಕ್ಷಿಸುವವನು ತಾನೇ ಪ್ರಶ್ನೆ ಕೇಳಬೇಕು, ತಾನೇ ಉತ್ತರವನ್ನು ಓದಿಕೊಳ್ಳಬೇಕು.

ರಸ್ತೆಯ ಬದಿಯಲ್ಲಿ ಇಂತಹ ಗಾಡಿಯೊಂದು ನಿಂತಿತೆನ್ನೋಣ. ಸವಾರನು ಹತ್ತು ಸಲ, ಇಪ್ಪತ್ತು ಸಲ ಒದೆಯುತ್ತಾನೆ, ಬೆವರುತ್ತಾನೆ. ಸುತ್ತ ನಾಲ್ವರು ಸೇರುತ್ತಾರೆ. ಪ್ಲಗ್ ಬದಲಿಸೆಂದು ಒಬ್ಬ, ಕಾರ್ಬೊರೇಟರ್ ಬಿಚ್ಚಿ ತೊಳೆಯೆಂದು ಇನ್ನೊಬ್ಬ, ಕಾಯಿಲ್ ಸುಟ್ಟಿದೆಯೆಂದು ಮತ್ತೊಬ್ಬ ಹೇಳುತ್ತಾನೆ. ಸಲಹೆಗೆ ನಮ್ಮ ನಾಡಿನಲ್ಲಿ ಎಂದೂ ಬರಗಾಲವಿಲ್ಲ. ಸವಾರನು ಮೂರನ್ನೂ ಒಟ್ಟಿಗೆ ಮಾಡುತ್ತಾನೆ; ಗಾಡಿ ಚಾಲೂ ಆಗುತ್ತದೆ. ಎಲ್ಲರಿಗೂ ಸಂತೋಷ. ಆದರೆ ಮೂರರಲ್ಲಿ ಯಾವುದರಿಂದ ಗುಣವಾಯಿತೆಂಬುದು ಯಾರಿಗೂ ತಿಳಿಯದು. ಮುಂದಿನ ವಾರ ಅದೇ ಗಾಡಿ ಮತ್ತೆ ನಿಂತರೆ, ಅವನ ತಿಳಿವಳಿಕೆ ಮೊದಲ ದಿನ ಇದ್ದಷ್ಟೇ ಇರುತ್ತದೆ; ಹಣ ಮಾತ್ರ ಕಡಮೆಯಾಗಿರುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲವನ್ನು ನೋಡುವುದು ನಿಧಾನದ ದಾರಿಯೆಂದು ತೋರಿದರೂ, ದೋಷವನ್ನು ನಿಜವಾಗಿ ಹಿಡಿಯುವ ದಾರಿ ಅದೊಂದೇ.

ಹಾಗೆ ಹುಡುಕಲು ಹೊರಡುವವನಿಗೆ ಎಂಜಿನು ಕೆಲಸ ಮಾಡುವ ಬಗೆ ತಿಳಿದಿರಬೇಕು. ಹಳೆಯ ಜಾವಾ ಎಂಜಿನು ಎರಡು ಹೊಡೆತಗಳದು. ಅಂದರೆ ಪಿಸ್ಟನ್ ಒಮ್ಮೆ ಮೇಲೇರಿ ಒಮ್ಮೆ ಕೆಳಗಿಳಿದರೆ ಅದರ ಕಾರ್ಯಚಕ್ರವು ಪೂರ್ಣವಾಗುತ್ತದೆ. ಪಿಸ್ಟನ್ ಮೇಲೇರುವಾಗ ಅದರ ಕೆಳಗಿನ ಕ್ರ್ಯಾಂಕ್ ಪೆಟ್ಟಿಗೆಯಲ್ಲಿ ಒತ್ತಡ ಇಳಿದು, ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಒಳಕ್ಕೆ ನುಗ್ಗುತ್ತದೆ. ಅದು ಇಳಿಯುವಾಗ ಆ ಮಿಶ್ರಣ ಒತ್ತರಿಸಲ್ಪಟ್ಟು, ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳ ಮೂಲಕ ಮೇಲಕ್ಕೆ ಹರಿದು, ಸುಟ್ಟ ಅನಿಲವನ್ನು ಹೊರದೂಡುತ್ತದೆ. ಮತ್ತೆ ಪಿಸ್ಟನ್ ಏರಿ ಮಿಶ್ರಣವನ್ನು ಅದುಮಿದಾಗ ಕಿಡಿ ಹಾರುತ್ತದೆ. ಕವಾಟಗಳಿಲ್ಲ; ಪಿಸ್ಟನ್ನೇ ಕಿಂಡಿಗಳನ್ನು ಮುಚ್ಚಿ ತೆರೆಯುವ ಬಾಗಿಲು. ಕ್ರ್ಯಾಂಕ್ ಪೆಟ್ಟಿಗೆಯಲ್ಲಿ ಪ್ರತ್ಯೇಕವಾದ ಎಣ್ಣೆಯ ಕೊಳವೂ ಇಲ್ಲ. ಲೀಟರಿಗೆ ಸುಮಾರು 30ರಿಂದ 40 ಮಿಲಿಲೀಟರ್ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸುತ್ತಾರೆ. ಆ ಎಣ್ಣೆಯ ತೆಳುವಾದ ಪೊರೆಯೇ ಪಿಸ್ಟನ್ನಿನ ಜೀವರಕ್ಷಕ.

ಇದರಿಂದ ಎಂಜಿನಿಗೆ ಬೇಕಾದುದೇನೆಂಬುದು ತಾನಾಗಿ ಹೊರಬೀಳುತ್ತದೆ. ಸರಿಯಾದ ಮಿಶ್ರಣ ಬೇಕು, ಸಕಾಲದಲ್ಲಿ ಕಿಡಿ ಬೇಕು, ಮಿಶ್ರಣವನ್ನು ಅದುಮುವ ಬಿಗಿ ಬೇಕು. ಸುಟ್ಟುದು ಹೊರಗೆ ಹೋಗಲು ದಾರಿಯೂ ಬೇಕು. ನಿಂತ ಎಂಜಿನಿನಲ್ಲಿ ಇವುಗಳಲ್ಲಿ ಯಾವುದೋ ಒಂದು ತಪ್ಪಿರುತ್ತದೆ.

ಮಿಶ್ರಣವನ್ನು ಒದಗಿಸುವುದು ಕಾರ್ಬೊರೇಟರಿನ ಕೆಲಸ. ಅದರ ಹಿಂದೆ ಸರಳವಾದ ಭೌತ ತತ್ತ್ವವೊಂದಿದೆ. ಹರಿಯುವ ವಸ್ತುವಿನ ವೇಗ ಹೆಚ್ಚಿದಲ್ಲಿ ಅದರ ಒತ್ತಡ ಕುಗ್ಗುತ್ತದೆಂಬುದನ್ನು ಡೇನಿಯಲ್ ಬರ್ನೂಲಿ 1738ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ್ದನು. ಕಾರ್ಬೊರೇಟರಿನ ಕಿರಿದಾದ ಕಂಠದಲ್ಲಿ ಗಾಳಿ ವೇಗವಾಗಿ ನುಗ್ಗಿದಾಗ ಅಲ್ಲಿ ಒತ್ತಡ ಇಳಿಯುತ್ತದೆ. ಕೆಳಗಿನ ಪುಟ್ಟ ತೊಟ್ಟಿಯಲ್ಲಿರುವ ಪೆಟ್ರೋಲು ಜೆಟ್ ಎಂಬ ಸಣ್ಣ ಹಿತ್ತಾಳೆಯ ರಂಧ್ರದ ಮೂಲಕ ಮೇಲೇರಿ ತುಂತುರಾಗುತ್ತದೆ. ತೊಟ್ಟಿಯಲ್ಲಿ ಪೆಟ್ರೋಲಿನ ಮಟ್ಟವನ್ನು ಸಮವಾಗಿ ಕಾಯುವುದು ಫ್ಲೋಟ್ ಎಂಬ ತೇಲುವ ಬುರುಡೆ. ಮಟ್ಟ ಏರಿದರೆ ಅದು ಸೂಜಿಯೊಂದನ್ನು ತಳ್ಳಿ ದ್ವಾರವನ್ನು ಮುಚ್ಚುತ್ತದೆ, ಇಳಿದರೆ ತೆರೆಯುತ್ತದೆ. ತೂಕದ ಲೆಕ್ಕದಲ್ಲಿ ಒಂದು ಭಾಗ ಪೆಟ್ರೋಲು ಪೂರ್ಣವಾಗಿ ಉರಿಯಲು ಹೆಚ್ಚು ಕಡಮೆ ಹದಿನೈದು ಭಾಗ ಗಾಳಿ ಬೇಕು. ಗಾತ್ರದ ಲೆಕ್ಕದಲ್ಲಿ ನೋಡಿದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು ಒಂಬತ್ತು ಸಾವಿರ ಲೀಟರ್ ಗಾಳಿ! ಇಷ್ಟು ಗಾಳಿಗೆ ಇಷ್ಟೇ ಪೆಟ್ರೋಲೆಂದು ಅಳೆದುಕೊಡುವ ಜೆಟ್ಟಿನ ರಂಧ್ರ ಸುಮಾರು ಒಂದು ಮಿಲಿಮೀಟರಿನಷ್ಟು ಅಗಲದ್ದು. ಅದರಲ್ಲಿ ಕಸ ಕುಳಿತಾಗ ಉಕ್ಕಿನ ತಂತಿಯಿಂದ ತಿವಿಯುವವರುಂಟು. ಮೆತ್ತನೆಯ ಹಿತ್ತಾಳೆಯ ರಂಧ್ರ ಮಿಲಿಮೀಟರಿನ ಹತ್ತನೆಯ ಒಂದು ಭಾಗ ಹಿಗ್ಗಿದರೂ ಅದರ ಬಾಯಿ ಐದನೆಯ ಒಂದು ಭಾಗದಷ್ಟು ದೊಡ್ಡದಾಗುತ್ತದೆ. ಅಂದಿನಿಂದ ಎಂಜಿನು ಹೊಗೆಯುಗುಳತೊಡಗುತ್ತದೆ. ರಭಸವಾಗಿ ಗಾಳಿ ಊದಿ ತೆರವುಗೊಳಿಸುವುದೇ ಸರಿಯಾದ ಕ್ರಮ.

ಇನ್ನು ಪರೀಕ್ಷೆ. ಬಿಚ್ಚುವ ಮೊದಲು ನೋಡಬೇಕು. ಟ್ಯಾಂಕಿನಲ್ಲಿ ಪೆಟ್ರೋಲಿದೆಯೆ, ನಲ್ಲಿ ತೆರೆದಿದೆಯೆ, ಕೀಲಿ ತಿರುಗಿಸಿದೆಯೆ? ಇವು ಹಾಸ್ಯಾಸ್ಪದವಾದ ಪ್ರಶ್ನೆಗಳೆಂದು ತೋರಬಹುದು. ಆದರೆ ನಲ್ಲಿಯನ್ನು ರಿಸರ್ವಿಗೆ ತಿರುಗಿಸಲು ಮರೆತು, ಗಾಡಿಯನ್ನು ಗ್ಯಾರೇಜಿನವರೆಗೆ ತಳ್ಳಿಕೊಂಡು ಹೋದವರು ವಿರಳರಲ್ಲ.

ಇವೆಲ್ಲ ಸರಿಯಾಗಿದ್ದು, ಐದಾರು ಒದೆತಗಳಾದ ಮೇಲೂ ಎಂಜಿನು ಏಳದಿದ್ದರೆ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಅದರ ತುದಿಯನ್ನು ನೋಡಬೇಕು. ಒಳ್ಳೆಯ ಪ್ರಶ್ನೆಯ ಲಕ್ಷಣವೆಂದರೆ ಯಾವ ಉತ್ತರ ಬಂದರೂ ಹುಡುಕುವ ಕ್ಷೇತ್ರ ಅರ್ಧಕ್ಕಿಳಿಯುವುದು. ಪ್ಲಗ್ ಅಂತಹ ಪ್ರಶ್ನೆ. ಅದು ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಇಂಧನ ಸಿಲಿಂಡರಿನವರೆಗೆ ಬಂದಿದೆ, ಉರಿದಿಲ್ಲ. ಒಣಗಿದ್ದರೆ ಇಂಧನವೇ ಬಂದಿಲ್ಲ. ಇಷ್ಟು ತಿಳಿದ ಮೇಲೆ ಗಾಡಿಯ ಅರ್ಧ ಭಾಗವನ್ನು ಸದ್ಯಕ್ಕೆ ಮರೆಯಬಹುದು.

ಒಣಗಿದ ಪ್ಲಗ್ ಕಂಡವನು ಟ್ಯಾಂಕಿನಿಂದ ಕೆಳಕ್ಕೆ ಬರಬೇಕು. ಹಳೆಯ ಜಾವಾ ಕಾರ್ಬೊರೇಟರಿನಲ್ಲಿ ಫ್ಲೋಟನ್ನು ಕೆಳಗೊತ್ತುವ ಒಂದು ಗುಂಡಿಯುಂಟು. ಅದನ್ನು ಒತ್ತಿ ಹಿಡಿದಾಗ ಪೆಟ್ರೋಲು ಹೊರಚೆಲ್ಲಿದರೆ ತೊಟ್ಟಿಯವರೆಗಿನ ದಾರಿ ತೆರವಾಗಿದೆ. ಕಸ ಕುಳಿತಿರುವುದು ಜೆಟ್ಟಿನಲ್ಲಿ. ಚೆಲ್ಲದಿದ್ದರೆ ನಲ್ಲಿ, ಅದರ ಜಾಲರಿ, ಕೊಳವೆ, ಸೂಜಿ ಇವುಗಳನ್ನು ಒಂದೊಂದಾಗಿ ನೋಡಬೇಕು. ಬಹುಕಾಲ ನಿಂತ ಗಾಡಿಯಲ್ಲಿ ಪೆಟ್ರೋಲು ಆವಿಯಾಗಿ ಅಂಟಿನಂತಹ ಕಿಟ್ಟವನ್ನು ಉಳಿಸಿರುತ್ತದೆ. ಈಚಿನ ಕಾಲದಲ್ಲಿ ಇನ್ನೊಂದು ಕಾರಣವೂ ಸೇರಿದೆ. 2023ರಿಂದ ಭಾರತದಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಮಾರಾಟಕ್ಕೆ ಬಂದಿತು. ಎಥನಾಲಿಗೆ ನೀರನ್ನು ಹೀರಿಕೊಳ್ಳುವ ಗುಣವಿದೆ. ನೀರು ಮಿತಿಮೀರಿದಾಗ ಎಥನಾಲೂ ನೀರೂ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳವನ್ನು ಸೇರುತ್ತವೆ. ನಲ್ಲಿಗೆ ಮೊದಲು ಸಿಕ್ಕುವುದು ತಳದ ದ್ರವವೇ. ಹಳೆಯ ರಬ್ಬರಿನ ಕೊಳವೆಗಳೂ ಎಥನಾಲಿನ ಸಹವಾಸಕ್ಕೆಂದು ಮಾಡಿದವಲ್ಲ. ಅವು ಉಬ್ಬುತ್ತವೆ, ಇಲ್ಲವೇ ಬಿರಿಯುತ್ತವೆ.

ಪ್ಲಗ್ ಒದ್ದೆಯಾಗಿದ್ದರೆ ಕಿಡಿಯನ್ನು ವಿಚಾರಿಸಬೇಕು. ಪ್ಲಗ್ಗನ್ನು ಒರಸಿ, ತಂತಿಯ ಟೋಪಿಯನ್ನು ತೊಡಿಸಿ, ಅದರ ಲೋಹದ ಮೈ ಎಂಜಿನಿಗೆ ಗಟ್ಟಿಯಾಗಿ ತಗುಲುವಂತೆ ಇಟ್ಟು ಒದ್ದರೆ ಕಿಡಿ ಕಾಣುತ್ತದೆ. ಪ್ಲಗ್ ತೆಗೆದ ರಂಧ್ರದಿಂದ ಪೆಟ್ರೋಲಿನ ಆವಿ ಹೊರಚಿಮ್ಮುವುದರಿಂದ ಈ ಪರೀಕ್ಷೆಯನ್ನು ರಂಧ್ರದಿಂದ ದೂರದಲ್ಲಿ, ಚೆಲ್ಲಿದ ಪೆಟ್ರೋಲನ್ನು ಒರಸಿದ ಮೇಲೆ ಮಾಡಬೇಕು. ನೀಲಿ ಬಣ್ಣದ, ಚಟಚಟನೆ ಸದ್ದು ಮಾಡುವ ಕಿಡಿ ಒಳ್ಳೆಯದು. ಹಳದಿ ಅಥವಾ ಕೆಂಪಾದ, ಸದ್ದಿಲ್ಲದ ಕಿಡಿ ದುರ್ಬಲ. ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಅದುಮಿದ ಅನಿಲದಲ್ಲಿ ಕಿಡಿ ಹಾರಲು ಬಯಲಿಗಿಂತ ಹೆಚ್ಚು ವೋಲ್ಟೇಜು ಬೇಕು. ಆದ್ದರಿಂದ ಹೊರಗೆ ಕಿಡಿ ಕಾಣದಿದ್ದರೆ ಒಳಗೂ ಇಲ್ಲವೆಂದು ಖಂಡಿತವಾಗಿ ಹೇಳಬಹುದು. ಹೊರಗೆ ಕಂಡಿತೆಂದ ಮಾತ್ರಕ್ಕೆ ಒಳಗೂ ಇದೆಯೆಂದು ಹೇಳಲಾಗದು. ಒದ್ದೆ ಪ್ಲಗ್, ಹೊರಗೆ ಚೆನ್ನಾಗಿ ಕಾಣುವ ಕಿಡಿ, ಆದರೂ ಏಳದ ಎಂಜಿನು! ಈ ಒಗಟಿನಲ್ಲಿ ಹೊಸ ಪ್ಲಗ್ ಒಂದನ್ನು ಹಾಕಿ ನೋಡುವುದು ನ್ಯಾಯವಾದ ಪ್ರಯೋಗ.

ಬ್ಯಾಟರಿಯಲ್ಲಿರುವುದು 6 ವೋಲ್ಟು ಮಾತ್ರ. ಅದರಿಂದ ಹತ್ತು ಸಾವಿರಕ್ಕೂ ಮಿಕ್ಕ ವೋಲ್ಟುಗಳು ಹೇಗೆ ಹುಟ್ಟುತ್ತವೆ? 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆಯೇ ಇದರ ಮೂಲ. ಕಾಯಿಲಿನ ದಪ್ಪ ಸುರುಳಿಯಲ್ಲಿ ಹರಿಯುವ ವಿದ್ಯುತ್ತನ್ನು ಪಾಯಿಂಟ್ ಎಂಬ ಜೋಡಿ ಲೋಹದ ತುದಿಗಳು ಥಟ್ಟನೆ ಅಗಲಿ ತುಂಡರಿಸಿದಾಗ, ಸಾವಿರಾರು ಸುತ್ತುಗಳ ತೆಳು ಸುರುಳಿಯಲ್ಲಿ ಆ ಭಾರಿ ವೋಲ್ಟೇಜು ಉದಯಿಸುತ್ತದೆ. ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಪಾಯಿಂಟುಗಳು ಸೆಕೆಂಡಿಗೆ 50 ಸಲ ಬೇರಾಗಿ ಕೂಡುತ್ತವೆ. ಅವುಗಳ ಅಂತರ ಸುಮಾರು 0.4 ಮಿಲಿಮೀಟರ್. ಕಿಡಿ ಹಾರಬೇಕಾದುದು ಪಿಸ್ಟನ್ ತುತ್ತತುದಿಯನ್ನು ಮುಟ್ಟಲು ಇನ್ನೂ ಸುಮಾರು 3 ಮಿಲಿಮೀಟರ್ ಇರುವಾಗ. ಪಾಯಿಂಟನ್ನು ಎತ್ತುವ ಹಿಮ್ಮಡಿ ಸವೆದಂತೆ ಅಂತರ ಕಿರಿದಾಗುತ್ತದೆ. ಅಂತರ ಕಿರಿದಾದರೆ ಕಿಡಿ ತಡವಾಗುತ್ತದೆ. ಕಿಡಿ ತಡವಾದರೆ ಎಂಜಿನು ಬಿಸಿಯಾಗಿ ಶಕ್ತಿಗುಂದುತ್ತದೆ. ಕಾರ್ಬೊರೇಟರಿನ ಮೇಲೆ ಹೊರಿಸುವ ಎಷ್ಟೋ ಅಪವಾದಗಳ ಮೂಲ ಈ ಕೂದಲೆಳೆಯ ಅಂತರದಲ್ಲಿರುತ್ತದೆ.

ಪೂರ್ತಿ ಕೆಟ್ಟ ಎಂಜಿನಿಗಿಂತ, ಆಗಾಗ ಕೆಡುವ ಎಂಜಿನು ಹೆಚ್ಚು ಕಾಡಿಸುತ್ತದೆ. ಬೆಳಗ್ಗೆ ಗಾಡಿ ಒಂದೇ ಒದೆತಕ್ಕೆ ಎದ್ದು ಹೊರಡುತ್ತದೆ. ಏಳೆಂಟು ಕಿಲೋಮೀಟರ್ ಹೋದ ಮೇಲೆ ನಿಲ್ಲುತ್ತದೆ. ಅರ್ಧ ಗಂಟೆ ಕಳೆದರೆ ಏನೂ ಆಗದಂತೆ ಮತ್ತೆ ಏಳುತ್ತದೆ. ಗ್ಯಾರೇಜಿಗೆ ಒಯ್ದರೆ, ಎಲ್ಲವೂ ಚೆನ್ನಾಗಿಯೇ ಇದೆಯಲ್ಲ ಎಂಬ ಉತ್ತರ ದೊರೆಯುತ್ತದೆ. ಆ ಉತ್ತರ ಸುಳ್ಳೂ ಅಲ್ಲ. ಗ್ಯಾರೇಜು ತಲುಪುವ ಹೊತ್ತಿಗೆ ಸಾಕ್ಷ್ಯವೇ ಅಳಿಸಿಹೋಗಿರುತ್ತದೆ. ಇಂತಹ ದೋಷವನ್ನು ಅದು ಇರುವಾಗಲೇ, ನಿಂತ ಜಾಗದಲ್ಲಿಯೇ, ಬಿಸಿ ಆರುವ ಮುಂಚೆ ವಿಚಾರಿಸಬೇಕು.

ಮೊದಲ ಸುಳಿವು ಎಂಜಿನು ನಿಂತ ರೀತಿಯಲ್ಲಿಯೇ ಇದೆ. ಸೊರಗಿ, ಮುಗ್ಗರಿಸಿ, ಚೋಕ್ ಎಳೆದಾಗ ಕ್ಷಣಕಾಲ ಚೇತರಿಸಿಕೊಂಡು ಬಳಿಕ ನಿಂತರೆ ಅದು ಇಂಧನದ ಕೊರತೆ. ದೀಪ ಆರಿಸಿದಂತೆ ಥಟ್ಟನೆ ನಿಂತರೆ ಕಿಡಿಯ ಮೇಲೆ ಸಂಶಯಪಡಬೇಕು. ಸೊರಗಿ ನಿಂತ ಗಾಡಿಯಲ್ಲಿ ಕಾರ್ಬೊರೇಟರಿನ ಗುಂಡಿಯನ್ನು ಒತ್ತಿ ನೋಡಬೇಕು. ಪೆಟ್ರೋಲು ಚೆಲ್ಲದೆ, ಟ್ಯಾಂಕಿನ ಮುಚ್ಚಳವನ್ನು ತೆರೆದೊಡನೆ ಬುಸ್ಸೆಂದು ಗಾಳಿ ಒಳನುಗ್ಗಿ ಪೆಟ್ರೋಲು ಇಳಿಯತೊಡಗಿದರೆ ದೋಷ ಸಿಕ್ಕಿತು. ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ರಂಧ್ರವಿರುತ್ತದೆ; ಅದು ಧೂಳಿನಿಂದ ಮುಚ್ಚಿದರೆ ಪೆಟ್ರೋಲು ಇಳಿದಂತೆ ಟ್ಯಾಂಕಿನಲ್ಲಿ ಒತ್ತಡ ಕುಗ್ಗಿ ಹರಿವು ನಿಲ್ಲುತ್ತದೆ. ಅರ್ಧ ಗಂಟೆಯಲ್ಲಿ ಸಂದುಗಳಿಂದ ಗಾಳಿ ನುಸುಳಿ ಹರಿವು ಮತ್ತೆ ಮೊದಲಾಗುತ್ತದೆ. ಈ ರಂಧ್ರಕ್ಕೆ ಗುಂಡುಸೂಜಿಯೊಂದು ಸಾಕು. ಇದು ತಿಳಿಯದೆ ಎಷ್ಟು ಕಾರ್ಬೊರೇಟರುಗಳು ವೃಥಾ ಬದಲಾಗಿವೆಯೋ!

ಗಾಡಿ ಥಟ್ಟನೆ ನಿಂತಿದ್ದರೆ ಆಗಲೇ ಕಿಡಿಯನ್ನು ನೋಡಬೇಕು. ಬಿಸಿಯಿರುವಾಗ ಕಿಡಿ ಇಲ್ಲದೆ ತಣಿದ ಮೇಲೆ ಬಂದರೆ ಕಾಯಿಲ್ ಅಥವಾ ಕಂಡೆನ್ಸರ್ ಅಪರಾಧಿ. ಪಾಯಿಂಟಿನ ಮುಚ್ಚಳ ತೆಗೆದು ಒದೆಯುವಾಗ ಪಾಯಿಂಟುಗಳ ನಡುವೆ ಎದ್ದುಕಾಣುವ ಬಿಳಿ ಕಿಡಿ ಹೊಳೆದರೆ ಕಂಡೆನ್ಸರ್ ಕೆಟ್ಟಿರುವ ಸಂಭವ ಹೆಚ್ಚು. ಪಾಯಿಂಟಿನ ತುದಿಗಳು ಸುಟ್ಟು ಕಪ್ಪಾಗಿರುವುದೂ ಅದರದೇ ಗುರುತು. ಪಾಯಿಂಟುಗಳು ಶುಭ್ರವಾಗಿದ್ದರೆ ಕಾಯಿಲಿನೊಳಗಿನ ಸುರುಳಿಗಳ ಹೊದಿಕೆ ಬಿಸಿಗೆ ಸೋಲುತ್ತಿರಬಹುದು. ಒಳ್ಳೆಯದೆಂದು ಗೊತ್ತಿರುವ ಇನ್ನೊಂದು ಕಾಯಿಲ್ ಹಾಕಿದಾಗ ದೋಷ ಹೋಗಿ, ಹಳೆಯದನ್ನು ಮತ್ತೆ ಹಾಕಿದಾಗ ದೋಷ ಮರಳಿದರೆ ಮಾತ್ರ ನಿರ್ಣಯ ಪಕ್ಕಾ. ಹಳೆಯದನ್ನು ಮತ್ತೆ ಹಾಕಿ ನೋಡುವ ತಾಳ್ಮೆ ಬಹಳ ಮಂದಿಗಿಲ್ಲ.

ಮಿಶ್ರಣವೂ ಕಿಡಿಯೂ ಸರಿಯಿದ್ದು ಶಕ್ತಿ ಕುಂದಿದ್ದರೆ ಉಳಿದ ಅಂಗಗಳತ್ತ ತಿರುಗಬೇಕು. ಪ್ಲಗ್ಗಿನ ರಂಧ್ರವನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿ, ಕೀಲಿ ತೆಗೆದು, ಒದ್ದಾಗ ಬೆರಳನ್ನು ಜೋರಾಗಿ ತಳ್ಳುವಷ್ಟು ಒತ್ತಡವಿರಬೇಕು. ಇಲ್ಲದಿದ್ದರೆ ಪಿಸ್ಟನ್ನಿನ ಬಳೆಗಳು ಸವೆದಿವೆ. ಎಣ್ಣೆ ಬೆರೆತ ಇಂಧನದ ಮಸಿ ವರ್ಷಗಳ ಕಾಲ ಹೊಗೆಕೊಳವೆಯಲ್ಲಿ ಕಟ್ಟಿಕೊಂಡರೆ ಎಂಜಿನು ಉಸಿರುಕಟ್ಟಿದಂತೆ ಏದುತ್ತದೆ. ಗೇರು ಪೆಟ್ಟಿಗೆಯ ಎಣ್ಣೆ ಕಾರಣವಿಲ್ಲದೆ ಕಡಮೆಯಾಗಿ, ಹಿಂದೆ ದಟ್ಟವಾದ ಬಿಳಿ ಹೊಗೆ ಎದ್ದರೆ ಕ್ರ್ಯಾಂಕಿನ ಸೀಲು ಹರಿದು ಆ ಎಣ್ಣೆ ಒಳಕ್ಕೆ ಎಳೆಯಲ್ಪಡುತ್ತಿದೆ. ಎಂಜಿನನ್ನು ಬಿಚ್ಚದೆ ಇದಕ್ಕೆ ಪರಿಹಾರವಿಲ್ಲ. ಅದು ನುರಿತ ಕೈಯ ಕೆಲಸ.

ಒಂದು ದೋಷ ಮಾತ್ರ ಕಾಯುವುದಿಲ್ಲ. ಎಣ್ಣೆ ಬೆರೆಸಲು ಮರೆತಾಗ, ಅಥವಾ ಎಲ್ಲಿಂದಲೋ ಹೊರಗಾಳಿ ಸೇರಿ ಮಿಶ್ರಣ ತೆಳುವಾದಾಗ, ಪಿಸ್ಟನ್ ಕಾದು ಹಿಗ್ಗಿ ಸಿಲಿಂಡರನ್ನು ಕಚ್ಚಿಹಿಡಿಯುತ್ತದೆ. ಓಡುತ್ತಿರುವ ಗಾಡಿಯ ಹಿಂಚಕ್ರ ಅಲ್ಲಿಯೇ ಬಿಗಿದು ಸವಾರ ಜಾರಿಬೀಳಬಹುದು. ಅದಕ್ಕೆ ಮುನ್ನ ಎಂಜಿನಿನ ದನಿ ಬದಲಾಗಿ, ಯಾರೋ ಹಿಂದಿನಿಂದ ಎಳೆದಂತೆ ವೇಗ ಕುಗ್ಗುವುದುಂಟು. ಆ ಕ್ಷಣದಲ್ಲಿ ಕ್ಲಚ್ ಹಿಡಿದು ಚಕ್ರವನ್ನು ಎಂಜಿನಿನಿಂದ ಬಿಡಿಸಿ, ಗಾಡಿಯನ್ನು ಪಕ್ಕಕ್ಕೆ ಒಯ್ಯಬೇಕು. ಹಳೆಯ ಗಾಡಿಗಳನ್ನು ಬಲ್ಲ ಸವಾರರ ಎಡಗೈಯ ಎರಡು ಬೆರಳು ಸದಾ ಕ್ಲಚ್ಚಿನ ಮೇಲಿರುವುದು ಇದಕ್ಕಾಗಿಯೇ.

ದುರಸ್ತಿಯಾದ ಮೇಲೆ ಮೂರು ನಾಲ್ಕು ಕಿಲೋಮೀಟರ್ ಓಡಿಸಿ, ಎಂಜಿನು ತಣಿದ ಬಳಿಕ ಪ್ಲಗ್ಗನ್ನು ಇನ್ನೊಮ್ಮೆ ತೆಗೆದು ನೋಡುವುದುಂಟು. ತುದಿಯು ಮಸಿಯಂತೆ ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚು. ಸುಣ್ಣದಂತೆ ಬೆಳ್ಳಗಿದ್ದರೆ ಗಾಳಿ ಹೆಚ್ಚು, ಬಿಸಿಯೂ ಹೆಚ್ಚು. ಎಣ್ಣೆಯಿಂದ ಜಿಡ್ಡಾಗಿದ್ದರೆ ಬೆರೆಸಿದ ಅಳತೆ ತಪ್ಪಿದೆ, ಇಲ್ಲವೇ ಸೀಲು ಸೋರುತ್ತಿದೆ. ಬಿಸ್ಕತ್ತಿನ ಕಂದುಬಣ್ಣ ಬಂದಿದ್ದರೆ ಪ್ಲಗ್ಗನ್ನು ಅದೇ ಸ್ಥಾನದಲ್ಲಿ ಬೆರಳುಗಳಿಂದಲೇ ತಿರುಗಿಸಿ ಕೂರಿಸಿ, ಕೊನೆಯ ಬಿಗಿತಕ್ಕೆ ಮಾತ್ರ ಸ್ಪ್ಯಾನರ್ ಹಿಡಿಯಬೇಕು. ಸಿಲಿಂಡರಿನ ತಲೆ ಅಲ್ಯೂಮಿನಿಯಮಿನದು. ಉಕ್ಕಿನ ಪ್ಲಗ್ಗನ್ನು ಓರೆಯಾಗಿ ಬಲವಂತದಿಂದ ತಿರುಗಿಸಿದರೆ ಅದರ ತಿರುಪಿನ ಗೆರೆಗಳು ಕಿತ್ತುಬರುತ್ತವೆ.